ಗುಡ್ಡ ಓಗೊಡದ ದಿನಗಳು

ನಮ್ಮೂರಿನಲ್ಲಿ ಬೆಳಿಗ್ಗೆ ಇಬ್ಬರು ಎದುರಾದರೆ ಚಹಾ ಆಯಿತೇ ಎಂದು ಕೇಳುವುದಿಲ್ಲ. "ಓಗೊಡ್ತೇನು?" ಎಂದು ಕೇಳುತ್ತಾರೆ. ಕೇಳುವುದು ಗುಡ್ಡದ ವಿಷಯ. ಊರಿನ ಮೂಡಣಕ್ಕೆ, ಕಣಿವೆಯ ಆಚೆ ದಂಡೆಯಲ್ಲಿ ಕಪ್ಪು ಹಾಸುಗಲ್ಲಿನ ಗುಡ್ಡವೊಂದಿದೆ. ಅದರ ಎದುರು ನಿಂತು ನಿಮ್ಮ ಹೆಸರು ಕೂಗಿದರೆ, ಒಂದು ಎರಡು ಮೂರು ಎಣಿಸುವಷ್ಟರಲ್ಲಿ ಗುಡ್ಡ ಅದನ್ನು ತಿರುಗಿ ಹೇಳುತ್ತದೆ. ಕುಡಿದಿದ್ದರೆ ಹೇಳುವುದಿಲ್ಲ. ಗಾಂಜಾ ಸೇದಿದ್ದರೂ, ಅಫೀಮಿನ ಗುಳಿಗೆ ನುಂಗಿದ್ದರೂ ಹೇಳುವುದಿಲ್ಲ. ಎಷ್ಟೇ ಗಂಟಲು ಹರಿದುಕೊಳ್ಳಿ, ಅದು ಸುಮ್ಮನೆ ಕೂತಿರುತ್ತದೆ. ಹಾಗಾಗಿ ನಮ್ಮಲ್ಲಿ ಹೆಣ್ಣು ಕೊಡುವವರು ಗಂಡಿನ ಜಾತಕ ಕೇಳುವ ಮೊದಲು ಅವನನ್ನು ಒಂದು ಸಲ ಕಣಿವೆಯ ಅಂಚಿಗೆ ಕರೆದುಕೊಂಡು ಹೋಗುತ್ತಾರೆ. ಸಾರಾಯಿ ಅಂಗಡಿಗಳೆಲ್ಲ ಊರಿನ ಪಡುವಣ ತುದಿಯಲ್ಲಿವೆ, ಬಾಗಿಲುಗಳು ಗುಡ್ಡಕ್ಕೆ ಬೆನ್ನು ಹಾಕಿವೆ. ಅದರಿಂದ ಏನೂ ಪ್ರಯೋಜನವಿಲ್ಲ, ಆದರೂ ಕುಡಿಯುವವನಿಗೆ ಅಷ್ಟು ಮರ್ಯಾದೆಯಾದರೂ ಬೇಕಾಗುತ್ತದೆ.

ನನ್ನ ಹೆಸರು ಗೊಲ್ಲಾಳಪ್ಪ. ಮೇಟಿಯವರ ಹಾಸುಗಲ್ಲಿನ ಕಂಪನಿಯಲ್ಲಿ ತೊಟ್ಟಿಲಿನ ಬ್ರೇಕು ಹಿಡಿಯುವವನು. ತೊಟ್ಟಿಲು ಅಂದರೆ ಕಬ್ಬಿಣದ ದೊಡ್ಡ ಪೆಟ್ಟಿಗೆ, ತಂತಿಹಗ್ಗದ ಮೇಲೆ ಕಣಿವೆ ದಾಟುತ್ತದೆ. ಕಲ್ಲು ತೆಗೆಯುವ ಗಣಿ ಈಚೆ, ಅದನ್ನು ಉಜ್ಜಿ ನುಣುಪು ಮಾಡುವ ಶೆಡ್ಡು ಆಚೆ. ಉಜ್ಜುವ ಕೆಲಸದವರೆಲ್ಲ ಹೆಂಗಸರು. ಅವರನ್ನು ಬೆಳಿಗ್ಗೆ ಹತ್ತು ಹತ್ತು ಜನರಂತೆ ಆಚೆ ಕಳಿಸಬೇಕು, ಸಂಜೆ ವಾಪಸು ಕರೆಸಿಕೊಳ್ಳಬೇಕು. ಕೆಳಗೆ ಮುನ್ನೂರು ಅಡಿ ಬರೀ ಗಾಳಿ. ತೊಟ್ಟಿಲು ಆಚೆ ಕಟ್ಟೆ ಮುಟ್ಟುವ ಹೊತ್ತಿಗೆ ಈಚೆ ನಿಂತವನು ಸರಿಯಾದ ಕ್ಷಣಕ್ಕೆ ಬ್ರೇಕಿನ ಹಿಡಿಕೆ ಎಳೆದು ಅದನ್ನು ಮೆಲ್ಲಗೆ ಕೂಡಿಸಬೇಕು. ಒಂದು ಉಸಿರು ತಡವಾದರೆ ಒಳಗಿದ್ದವರ ಹಲ್ಲು ಉದುರುತ್ತದೆ, ಎರಡು ಉಸಿರು ತಡವಾದರೆ ಏನಾಗುತ್ತದೆ ಎಂದು ಯಾರೂ ನೋಡಿಲ್ಲ. ಹದಿನೇಳು ವರ್ಷ ಈ ಕೆಲಸ ಮಾಡಿದ್ದೆ, ಅದರಲ್ಲಿ ಸೊಕ್ಕೂ ಬಂದಿತ್ತು.

ಕಂಪನಿಯ ಗೇಟಿನಲ್ಲಿ ಒಂದು ಚಪ್ಪಟೆ ಬಂಡೆ ಇದೆ. ಮಾಲೀಕರಾದ ಮೇಟಿ ಸಾಹೇಬರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ದಿನಾ ಅದರ ಮೇಲೆ ನಿಂತು ಹೆಸರು ಕೂಗಿಯೇ ಒಳಗೆ ಹೋಗಬೇಕು. ಪಕ್ಕದಲ್ಲಿ ಸ್ಟೂಲಿನ ಮೇಲೆ ರಿಜಿಸ್ಟರು ಹಿಡಿದು ತಂಗೆವ್ವ ಕೂತಿರುತ್ತಿದ್ದಳು. ಆಕೆಯ ಕೆಲಸವೇ ಕೇಳುವುದು. ಗುಡ್ಡ ಓಗೊಟ್ಟರೆ ಹೆಸರಿನ ಮುಂದೆ ಸರಿಗುರುತು, ಇಲ್ಲದಿದ್ದರೆ ತಪ್ಪುಗುರುತು. ಒಬ್ಬರ ನಾಚಿಕೆ ಇನ್ನೊಬ್ಬರಿಗೆ ಕೇಳಬಾರದೆಂದು ಉಳಿದವರ ಸಾಲು ಕಲ್ಲು ಪುಡಿ ಮಾಡುವ ಯಂತ್ರದ ಗೋಡೆಯ ಹಿಂದೆ ನಿಲ್ಲಬೇಕು, ಅಲ್ಲಿ ಯಂತ್ರದ ಸದ್ದಿಗೆ ಪಕ್ಕದವನ ಸೀನೂ ಕೇಳುವುದಿಲ್ಲ. ಕೆಮ್ಮಿಗೋ ನೋವಿಗೋ ಔಷಧಿ ಕುಡಿದವರು ಡಾಕ್ಟರ ಚೀಟಿಯನ್ನು ಮೊದಲೇ ತಂಗೆವ್ವನ ಕೈಗೆ ಕೊಡಬೇಕು. ಗುಡ್ಡಕ್ಕೆ ಚೀಟಿ ಓದಲು ಬರುವುದಿಲ್ಲ, ತಂಗೆವ್ವನಿಗೆ ಬರುತ್ತಿತ್ತು.

ತಪ್ಪುಗುರುತು ಬಿದ್ದವನನ್ನು ಯಾರೂ ಬೈಯುವುದಿಲ್ಲ. ಅವತ್ತಿನ ಮಟ್ಟಿಗೆ ಅವನು ಯಂತ್ರ ಮುಟ್ಟುವಂತಿಲ್ಲ, ಕ್ಯಾಂಟೀನಿನ ಹಿಂದೆ ಕೂತು ಸಂಜೆಯವರೆಗೆ ಬೆಳ್ಳುಳ್ಳಿ ಸುಲಿಯಬೇಕು, ಅಷ್ಟೆ. ಆದರೆ ಬೆಳ್ಳುಳ್ಳಿಯ ವಾಸನೆ ಸೋಪಿಗೆ ಹೋಗುವಂಥದ್ದಲ್ಲ. ಊರಿನ ಹೆಂಡಂದಿರು ಗಂಡ ಮನೆಗೆ ಬಂದ ಕೂಡಲೇ ನೀರಿನ ತಂಬಿಗೆ ಕೊಡುವ ನೆಪದಲ್ಲಿ ಕೈ ಮೂಸುತ್ತಿದ್ದರು. ನನ್ನ ಹೆಂಡತಿ ಕಸ್ತೂರಿ ನೆಪವನ್ನೂ ಹುಡುಕುತ್ತಿರಲಿಲ್ಲ, "ತೋರಸು ಕೈ" ಅನ್ನುತ್ತಿದ್ದಳು.

ನಾನು ಯಾಕೆ ಕುಡಿಯಲು ಶುರು ಮಾಡಿದೆ ಎಂದು ಕೇಳಬೇಡಿ. ಕಾರಣಗಳು ಬೇಕಾದಷ್ಟಿದ್ದವು, ಒಂದಕ್ಕಿಂತ ಒಂದು ಚೆನ್ನಾಗಿದ್ದವು, ಒಂದೂ ನಿಜವಲ್ಲ. ಮೊದಲು ವಾರಕ್ಕೊಮ್ಮೆ, ಆಮೇಲೆ ಸೋಮವಾರ ಬಿಟ್ಟು ಉಳಿದ ದಿನ. ರಾತ್ರಿಯದು ಬೆಳಿಗ್ಗೆಗೂ ಇಳಿಯದೆ ತಿಂಗಳಿಗೆ ಒಂದೋ ಎರಡೋ ಸಲ ಬೆಳ್ಳುಳ್ಳಿ ಸುಲಿದು ಬರುತ್ತಿದ್ದೆ. ಮೂರನೆಯದಾದರೆ ಬ್ರೇಕು ಕೈ ತಪ್ಪುತ್ತದೆ ಎಂಬುದು ಕಂಪನಿಯ ನಿಯಮ, ಹಾಗಾಗಿ ಲೆಕ್ಕ ಹಾಕಿ ಕುಡಿಯುತ್ತಿದ್ದೆ. ಹೀಗಿರುವಾಗ ಒಂದು ಬೆಳಿಗ್ಗೆ ಕುತ್ತಿಗೆ ಹಿಡಿದುಕೊಂಡಿತು. ಮಂಚ ಬಿಟ್ಟು ಎಲ್ಲೋ ಹೊಸ್ತಿಲ ಮೇಲೆ ತಲೆಯಿಟ್ಟು ಮಲಗಿದರೆ ಇನ್ನೇನಾಗುತ್ತದೆ? ತಲೆ ಅತ್ತಿತ್ತ ಹೊರಳುವುದಿರಲಿ, ಕೆಳಗೆ ಬಾಗುತ್ತಲೂ ಇರಲಿಲ್ಲ. ಹಾಗೇ ಹೋಗಿ ಬಂಡೆಯ ಮೇಲೆ ನಿಂತು ಕೂಗಿದೆ. ಗುಡ್ಡ ಸುಮ್ಮನಿತ್ತು. ಇವತ್ತು ಬೆಳ್ಳುಳ್ಳಿಯೇ ಗತಿ ಎಂದುಕೊಂಡು ಮೈಯನ್ನೇ ಪೂರ್ತಿ ತಿರುಗಿಸಿ ನೋಡಿದರೆ ತಂಗೆವ್ವ ಸರಿಗುರುತು ಹಾಕಿ "ನಡಿ" ಎಂದು ಕೈ ಮಾಡಿದ್ದಳು.

ಪಾಪ, ಕನಿಕರಪಟ್ಟಿದ್ದಾಳೆ ಎಂದುಕೊಂಡೆ. ಮುಂದಿನ ಸಲ ಕುತ್ತಿಗೆ ನೆಟ್ಟಗಿತ್ತು, ಹೊಟ್ಟೆಯಲ್ಲಿ ರಾತ್ರಿಯದು ಉಳಿದಿತ್ತು. ಗುಡ್ಡ ಉಸಿರೆತ್ತಲಿಲ್ಲ. ಏನಾಗುತ್ತದೋ ನೋಡೋಣ ಎಂದು ತಲೆ ಎತ್ತಿಯೇ ನಿಂತೆ. ಮತ್ತೆ ಸರಿಗುರುತು. ಆಗ ನನಗೆ ಅನುಮಾನ ಬಂತು. ಒಂದು ಸೋಮವಾರ, ಹನಿಯೂ ಮುಟ್ಟದ ದಿನ, ಬಂಡೆಯ ಮೇಲೆ ನಿಂತು ಕೂಗಿದೆ. "ಗೊಲ್ಲಾಳಪ್ಪಾ" ಎಂದು ಗುಡ್ಡ ಖಣಿಲ್ಲನೆ ತಿರುಗಿ ಹೇಳಿತು. ನಾನು ಬೇಕೆಂದೇ ತಪ್ಪಿತಸ್ಥನಂತೆ ತಲೆ ತಗ್ಗಿಸಿದೆ. ತಂಗೆವ್ವ ನಿಟ್ಟುಸಿರು ಬಿಟ್ಟು ತಪ್ಪುಗುರುತು ಹಾಕಿದಳು.

ಅವತ್ತು ಇಡೀ ದಿನ ಬೆಳ್ಳುಳ್ಳಿ ಸುಲಿಯುತ್ತಾ ನನ್ನಷ್ಟಕ್ಕೆ ನಕ್ಕೆ. ಆಕೆಗೆ ಗುಡ್ಡದ ಮಾತು ಕೇಳುತ್ತಿರಲಿಲ್ಲ. ಎದುರು ಕೂತವರ ಮಾತನ್ನು ತುಟಿ ನೋಡಿ ಹಿಡಿಯುತ್ತಿದ್ದಳು, ದೂರದ ಸದ್ದು ಪೂರಾ ಹೋಗಿತ್ತು. ಗುಡ್ಡ ಓಗೊಡದಿದ್ದರೆ ನಮ್ಮ ಊರಿನ ಎಂಥ ಗಂಡಸಿನ ತಲೆಯೂ ತಾನಾಗಿ ಬಾಗುತ್ತದೆ, ಚಿಕ್ಕಂದಿನಿಂದ ಬಂದ ಅಭ್ಯಾಸ ಅದು. ಆಕೆ ಅದನ್ನು ನೋಡಿ ಬರೆಯುತ್ತಿದ್ದಳು. ಇಡೀ ಕಂಪನಿಯಲ್ಲಿ ಇದು ಗೊತ್ತಿದ್ದವನು ನಾನೊಬ್ಬನೇ. ನನ್ನಂಥವನ ಕೈಗೆ ಇಂಥ ಗುಟ್ಟು ಸಿಕ್ಕರೆ ಏನು ಮಾಡುತ್ತಾನೆ? ಕಸ್ತೂರಿಗೂ ಹೇಳಲಿಲ್ಲ. ಸೋಮವಾರವೂ ಕುಡಿಯಲು ಶುರು ಮಾಡಿದೆ.

ನಾಲ್ಕು ತಿಂಗಳು ನಾನು ತಲೆ ಎತ್ತಿಕೊಂಡು ಒಳಗೆ ಹೋದೆ. ಕೈ ವಾಸನೆ ಬರುತ್ತಿರಲಿಲ್ಲವಾದ್ದರಿಂದ ಕಸ್ತೂರಿಗೂ ಏನೋ ಸಮಾಧಾನ, ಬಾಯಿಯ ವಾಸನೆ ಕೆಲಸ ಮುಗಿದ ಮೇಲೆ ಕುಡಿದದ್ದು ಎಂದು ಬಿಟ್ಟಿದ್ದಳು. ಬ್ರೇಕಿನ ಹಿಡಿಕೆ ನನ್ನ ಕೈಯನ್ನು ಬಲ್ಲದು, ಕಣ್ಣು ಮುಚ್ಚಿಯೂ ಹಾಕಬಲ್ಲೆ ಎಂದು ಗೆಳೆಯರೆದುರು ಹೇಳುತ್ತಿದ್ದೆ. ಇಷ್ಟು ದೊಡ್ಡ ಮೂರ್ಖನನ್ನು ಆ ಕಂಪನಿ ಹದಿನೇಳು ವರ್ಷ ಸಾಕಿತ್ತು.

ಅದು ಬುಧವಾರ. ಮೂರನೇ ತಂಡ ಹೊರಟಿತ್ತು. ತೊಟ್ಟಿಲಿನಲ್ಲಿ ಒಂಬತ್ತು ಜನ, ಬಾಗಿಲ ಹತ್ತಿರ ಹುಸೇನಬಿ. ಉಜ್ಜುವ ಶೆಡ್ಡಿನಲ್ಲಿ ಎಲ್ಲರಿಗಿಂತ ಚುರುಕಾದ ಕೆಲಸಗಾರ್ತಿ, ಏಳು ತಿಂಗಳ ಬಸುರಿ. ನಾನು ಹಿಡಿಕೆ ಎಳೆದೆ. ಎಳೆದೆ ಎಂದುಕೊಂಡೆ. ಕೈ ಎದ್ದದ್ದು ಆಮೇಲೆ. ತೊಟ್ಟಿಲು ಆಚೆ ಕಟ್ಟೆಗೆ ಬಡಿದ ಸದ್ದು ಕಣಿವೆಯ ಈಚೆಗೂ ಬಂತು, ಅದರ ಹಿಂದೆ ಹೆಂಗಸರ ಕೂಗು ಬಂತು. ಹುಸೇನಬಿಯ ಬಾಯಿ ಕಬ್ಬಿಣದ ಸರಳಿಗೆ ತಾಗಿ ಮುಂದಿನ ಹಲ್ಲು ಮುರಿದಿತ್ತು. ಆಕೆ ಬಾಯಿ ಒರೆಸಿಕೊಳ್ಳಲಿಲ್ಲ, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟಳು. ಡಾಕ್ಟರು ಬಂದು, ಕೂಸು ಮಿಸುಕಾಡುತ್ತಿದೆ, ಏನೂ ಆಗಿಲ್ಲ ಎಂದು ಹೇಳುವವರೆಗೆ ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆ ನಾನು ಹಿಡಿಕೆಯನ್ನು ಹಿಡಿದುಕೊಂಡೇ ನಿಂತಿದ್ದೆ. ದೇವರನ್ನು ಬೇಡಿಕೊಂಡೆ ಎಂದರೆ ಸುಳ್ಳಾಗುತ್ತದೆ, ನನಗೆ ಭಯ ಬಿಟ್ಟು ಬೇರೇನೂ ನೆನಪಾಗಲಿಲ್ಲ.

ಮಧ್ಯಾಹ್ನ ಮೇಟಿ ಸಾಹೇಬರು ಕ್ಯಾಂಟೀನಿನ ಅಂಗಳದಲ್ಲಿ ಎಲ್ಲರನ್ನೂ ಸೇರಿಸಿದರು. ರಿಜಿಸ್ಟರು ತರಿಸಿ ನೋಡಿದರು. ನನ್ನ ಹೆಸರಿನ ಮುಂದೆ ನಾಲ್ಕು ತಿಂಗಳ ಸರಿಗುರುತು ಸಾಲಾಗಿ ಇತ್ತು. ಸಾಹೇಬರು ತಲೆಯಾಡಿಸಿದರು. "ಗೊಲ್ಲಾಳಪ್ಪನ ಕಡೆ ತಪ್ಪಿಲ್ಲ. ಅಂದ್ರ ಬ್ರೇಕು ಜಾರೇತಿ. ಗ್ರೀಸು ಹಚ್ಚಾವ ಯಾರು?" ಗ್ರೀಸು ಹಚ್ಚುವವನು ಸಂಗಯ್ಯ, ಐವತ್ತು ದಾಟಿದ ಮೆತ್ತನೆಯ ಮನುಷ್ಯ. ಅವನು ಎದ್ದು ನಿಂತು, "ಬ್ರೇಕಿನ ಪಟ್ಟಿಗೆ ನಾ ಗ್ರೀಸು ಹಚ್ಚಂಗಿಲ್ರಿ, ಹಗ್ಗಕ್ಕಷ್ಟ ಹಚ್ಚೀನಿ. ಮೂವತ್ತು ವರ್ಷ ಆತು, ಅಷ್ಟ ತಿಳಿಯಂಗಿಲ್ಲೇನ್ರಿ ನನಗ?" ಎಂದ. ಸಾಹೇಬರು, "ಮತ್ತ ಹೆಂಗ ಜಾರಿತು? ಒಂದು ಕೂಸಿನ ಜೀವ ಹೋಗತಿತ್ತು. ನಾಳಿಂದ ಬರಬ್ಯಾಡ" ಎಂದರು. ಸಂಗಯ್ಯ ಸುತ್ತಲೂ ನೋಡಿದ. ನನ್ನ ಕಡೆಗೂ ನೋಡಿದ, ಪಾಪ, ನಾನು ಅವನ ಪರವಾಗಿ ಒಂದು ಮಾತು ಆಡಬಹುದು ಎಂದು.

ನಾನು ಆಡಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ. ನಾನು ನೆಲ ನೋಡುತ್ತಾ ಕೂತಿದ್ದೆ, ಸಂಗಯ್ಯನಿಗೆ ಬೇರೆ ಕಡೆ ಕೆಲಸ ಸಿಗಬಹುದು ಎಂದು ಮನಸ್ಸಿನಲ್ಲೇ ಅವನಿಗೊಂದು ಕೆಲಸ ಹುಡುಕುತ್ತಿದ್ದೆ.

ಆಗ ತಂಗೆವ್ವ ಎದ್ದಳು. ಗಂಡ ತೀರಿಕೊಂಡ ಮೇಲೆ ಆ ಸ್ಟೂಲಿನ ಮೇಲೆ ಕೂತವಳು, ಇಪ್ಪತ್ತೆರಡು ವರ್ಷ ಅದರ ಮೇಲೆಯೇ ಬದುಕಿದವಳು. ಸಾಹೇಬರ ಕೈಯಿಂದ ರಿಜಿಸ್ಟರು ತೆಗೆದುಕೊಂಡು ಮುಚ್ಚಿದಳು. "ಈ ಗುರುತು ನಂಬಬ್ಯಾಡ್ರಿ ಸಾಹೇಬ್ರ. ನನಗ ಗುಡ್ಡದ ಮಾತು ಕೇಳಂಗಿಲ್ಲ. ಎರಡು ವರ್ಷ ಆತು."

ಸಾಹೇಬರು, "ಕೇಳಂಗಿಲ್ಲ ಅಂದ್ರ? ಮತ್ತ ದಿನಾ ಏನು ಬರೀತಿದ್ರಿ?" ಎಂದರು. ತಂಗೆವ್ವ, "ಮಾರಿ ನೋಡಿ ಬರೀತಿದ್ದೆ. ಹೇಳಿದ್ರ ಕೆಲಸ ಹೋಗತೈತಿ ಅಂತ ಹೆದರಿ ಹೇಳಲಿಲ್ಲ. ಸಂಗಯ್ಯಂದು ಏನೂ ತಪ್ಪಿಲ್ಲ, ಅವನ್ನ ಬಿಡ್ರಿ. ನನ್ನ ಕಳಸ್ರಿ" ಎಂದಳು. ಇಷ್ಟು ಹೇಳಿ ಕೂತುಕೊಂಡಳು. ನನ್ನ ಹೆಸರು ಎತ್ತಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗಲೂ ಪಾರಾಗುತ್ತಿದ್ದೆ, ಆಕೆ ಆ ದಾರಿಯನ್ನು ನನಗೆ ತೆರೆದೇ ಇಟ್ಟಿದ್ದಳು.

ನಾನು ಎದ್ದೆ. ಹೇಗೆ ಎದ್ದೆನೋ ಗೊತ್ತಿಲ್ಲ. "ನಾ ಕುಡದಿದ್ದೆರಿ" ಎಂದೆ. "ಇವತ್ತಷ್ಟ ಅಲ್ಲ, ನಾಕು ತಿಂಗಳಿಂದ. ಆಕಿಗೆ ಕೇಳಂಗಿಲ್ಲ ಅಂತ ನನಗ ಗೊತ್ತಿತ್ತು. ಅದಕ್ಕ ತಲಿ ಎತ್ತಿ ಮೋಸ ಮಾಡಿದೆ." ಯಾರೋ ಹಿಂದಿನಿಂದ ಕಾಲಲ್ಲಿದ್ದ ಚಪ್ಪಲಿ ತೆಗೆದರು. ಸಂಗಯ್ಯನೇ ಅವರ ಕೈ ಹಿಡಿದುಕೊಂಡ.

ಮೇಟಿ ಸಾಹೇಬರು ತಂಗೆವ್ವನ ಕಡೆ ತಿರುಗಿದರು. ಆಡಿದ್ದು ನನಗಲ್ಲ, ಆಕೆಗೆ. "ಎರಡು ವರ್ಷದಾಗ ನಾನೂ ಒಂದಿನ ಕೇಳಲಿಲ್ಲ ನೋಡ್ರಿ, ತಂಗೆವ್ವಾ, ನಿಮ್ಮ ಕಿವಿ ಹೆಂಗದಾವ ಅಂತ. ಎಲ್ಲಾರ್ನೂ ಪರೀಕ್ಷಾ ಮಾಡಿದ್ವಿ, ಪರೀಕ್ಷಾ ಮಾಡೂ ನಿಮ್ಮನ್ನ ಬಿಟ್ಟುಬಿಟ್ವಿ." ಮಾಲೀಕರಾದವರು ನೂರು ಜನರ ಎದುರು ಹೀಗೆ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಮರುದಿನದಿಂದ ಬಂಡೆಯ ಹತ್ತಿರ ಇಬ್ಬರು ಕೇಳುವವರು ಕೂತರು, ಅವರ ಕಿವಿಯನ್ನು ಆರು ತಿಂಗಳಿಗೊಮ್ಮೆ ಡಾಕ್ಟರು ನೋಡಬೇಕು ಎಂದಾಯಿತು. ಸಂಗಯ್ಯನ ಕೆಲಸ ಉಳಿಯಿತು. ತಂಗೆವ್ವನನ್ನು ಕಳಿಸಲಿಲ್ಲ, ಕ್ಯಾಂಟೀನಿನ ಉಸ್ತುವಾರಿ ಕೊಟ್ಟರು. ನನಗೆ ಕಂಪನಿಯ ಖರ್ಚಿನಲ್ಲೇ ಡಾಕ್ಟರ ಔಷಧಿ, ದಿನಾ ಬಂಡೆಯ ಮೇಲೆ ಕೂಗುವುದು, ಒಂದು ವರ್ಷ ಬ್ರೇಕು ಮುಟ್ಟುವಂತಿಲ್ಲ. ಎರಡು ತಿಂಗಳೊಳಗೆ ಗುಡ್ಡ ಓಗೊಡದಿದ್ದರೆ ಮನೆಗೆ.

ಎರಡು ತಿಂಗಳು ಯಾವ ಲೆಕ್ಕ ಎಂದುಕೊಂಡೆ. ಅವತ್ತಿನಿಂದ ನಾನು ಹನಿಯೂ ಮುಟ್ಟಲಿಲ್ಲ. ಮೊದಲ ವಾರ ಕೈ ನಡುಗಿತು, ಮೈ ಬೆವೆತಿತು, ಡಾಕ್ಟರು ಮನೆಗೇ ಬಂದು ನೋಡಿ ಹೋದರು. ಎಂಟನೇ ದಿನ ಹೋಗಿ ಕೂಗಿದೆ. ಗುಡ್ಡ ಸುಮ್ಮನಿತ್ತು. ಹದಿನೈದನೇ ದಿನ, ಇಪ್ಪತ್ತನೇ ದಿನ, ಸುಮ್ಮನಿತ್ತು. ಬಹಳ ದಿನ ಕುಡಿದವರಿಗೆ ಗುಡ್ಡ ಬೇಗ ಮಾತು ಕೊಡುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದದ್ದು ನಿಜವಾಗಿತ್ತು. ಊರಿನವರು ಅದನ್ನೆಲ್ಲ ನೆನಪಿಡುವುದಿಲ್ಲ, ಇವನು ಇನ್ನೂ ಕುಡಿಯುತ್ತಿದ್ದಾನೆ ಎಂದರು. ಕಸ್ತೂರಿಯ ಕಣ್ಣಲ್ಲೂ ಒಮ್ಮೊಮ್ಮೆ ಅದು ಕಾಣುತ್ತಿತ್ತು. ಕುಡಿದು ಸುಳ್ಳು ಹೇಳುವಾಗ ಎಲ್ಲರೂ ನಂಬಿದ್ದರು, ಬಿಟ್ಟು ನಿಜ ಹೇಳುವಾಗ ಯಾರೂ ನಂಬಲಿಲ್ಲ. ಒಂದು ದಿನ ಬೆಳ್ಳುಳ್ಳಿಯ ಬುಟ್ಟಿ ಒದ್ದು, ಇದಕ್ಕಿಂತ ಕುಡಿಯುವುದೇ ಮೇಲು ಎಂದು ಎದ್ದುಬಿಟ್ಟೆ.

ತಂಗೆವ್ವ ಎದುರಿಗೆ ಕೂತಿದ್ದಳು. ಕ್ಯಾಂಟೀನಿನ ಉಸ್ತುವಾರಿಯಾದರೂ ದಿನಾ ಒಂದು ಹೊತ್ತು ನನ್ನ ಜೊತೆ ಕೂತು ಸುಲಿಯುತ್ತಿದ್ದಳು. "ಒದ್ದಿದ್ದು ಆರಿಸಿ ತುಂಬು, ಆಮ್ಯಾಗ ಎಲ್ಲಿಗೆ ಬೇಕಾದ್ರ ಅಲ್ಲಿ ಹೋಗು" ಎಂದಳು. ಆರಿಸತೊಡಗಿದೆ. ಎಸಳು ಬೆಂಚಿನ ಕೆಳಗೆಲ್ಲ ಹರಡಿದ್ದವು, ಅರ್ಧ ಗಂಟೆ ಬೇಕಾಯಿತು. ಮುಗಿಯುವ ಹೊತ್ತಿಗೆ ಮೇಟಿ ಸಾಹೇಬರು ಅಲ್ಲಿಗೆ ಬಂದರು. ಐವತ್ತನೇ ದಿನವಾಗಿತ್ತು ಅದು. "ಇವನ್ನ ಎಷ್ಟು ದಿನ ಇಟಗೊಳ್ಳೂದು ತಂಗೆವ್ವಾ? ಗುಡ್ಡ ಸುಮ್ಮನ ಐತಿ" ಎಂದರು.

"ಇವ ಕುಡದಿಲ್ರಿ" ಎಂದಳು ತಂಗೆವ್ವ.

"ಕೇಳಂಗಿಲ್ಲ ಅಂತ ನೀವ ಹೇಳೀರಲ್ಲ?"

"ಕೇಳಂಗಿಲ್ಲ ಅಂದೆ, ಕಾಣಂಗಿಲ್ಲ ಅಂದಿಲ್ಲ. ನಾಕು ತಿಂಗಳ ನನಗ ಮೋಸ ಮಾಡಿದ ಮಾರಿರಿ ಇದು. ಇದನ್ನ ನನಗಿಂತ ಚಲೋ ಯಾರು ಬಲ್ಲರು? ಇನ್ನ ಹತ್ತು ದಿನ ಐತಿ, ಬಿಡ್ರಿ."

ಸಾಹೇಬರು ಬಿಟ್ಟರು. ನಾನು ಬೆಂಚಿನ ಕೆಳಗೇ ಕೂತು ಅತ್ತೆ. ನಾನು ಆಕೆಯ ಅನ್ನಕ್ಕೆ ಕೈ ಹಾಕಿದವನು, ಆಕೆ ನನ್ನ ಮಾತಿಗೆ ಹೊಣೆ ನಿಂತವಳು. ಇದನ್ನೆಲ್ಲ ಆಕೆಯ ಎದುರು ಹೇಳಲು ಹೋದರೆ ಈಗಲೂ "ಸಾಕು, ಈರುಳ್ಳಿ ಹೆಚ್ಚು" ಅನ್ನುತ್ತಾಳೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಐವತ್ತನಾಲ್ಕನೇ ಬೆಳಿಗ್ಗೆ ನನ್ನ ಗಂಟಲು ಕಟ್ಟಿತ್ತು. ಸರಿಯಾಗಿ ಕೂಗಲೂ ಆಗಲಿಲ್ಲ, ಅರ್ಧ ಹೆಸರು ಹೊರಗೆ ಬಂತು, ಅರ್ಧ ಒಳಗೇ ಉಳಿಯಿತು. ಒಂದು, ಎರಡು, ಮೂರು ಎಣಿಸಿದೆ. ಆಚೆಯಿಂದ ಆ ಅರ್ಧ ಹೆಸರು, ಅದೇ ಕೀರಲು ಧ್ವನಿಯಲ್ಲಿ, ಬಂತು. ಇಷ್ಟು ಕೆಟ್ಟದಾಗಿ ಯಾರೂ ನನ್ನನ್ನು ಕರೆದಿರಲಿಲ್ಲ, ಇಷ್ಟು ಸಂತೋಷವೂ ನನಗೆ ಆಗಿರಲಿಲ್ಲ. ಕೇಳುವವರಿಬ್ಬರೂ ಸರಿಗುರುತು ಹಾಕಿದರು. ನಾನು ಕ್ಯಾಂಟೀನಿಗೆ ಓಡಿದೆ. ತಂಗೆವ್ವ ನನ್ನ ಮುಖ ನೋಡಿ, ಏನೂ ಕೇಳದೆ, ಒಂದು ಲೋಟ ಚಹಾ ಬಗ್ಗಿಸಿ ಕೊಟ್ಟಳು.

ಒಂದು ವರ್ಷ ಮುಗಿಯಿತು. ಬ್ರೇಕು ವಾಪಸು ಕೊಡಬೇಕೆಂದರೆ ಸಾಹೇಬರ ಒಪ್ಪಿಗೆಯೊಂದೇ ಸಾಲದು, ತೊಟ್ಟಿಲು ಹತ್ತುವವರೂ ಒಪ್ಪಬೇಕು, ಅದೂ ಕಂಪನಿಯ ಪದ್ಧತಿಯೇ. ಯಾರೂ ಹತ್ತದಿದ್ದರೆ ನಾನು ತಿರುಗಿ ಕೇಳುವಂತಿಲ್ಲ. ಅವತ್ತು ಬೆಳಿಗ್ಗೆ ಸಂಗಯ್ಯ ಹಗ್ಗ ನೋಡಿ, ಪಟ್ಟಿ ಒರೆಸಿ, ನನ್ನ ಬೆನ್ನು ತಟ್ಟಿ ಹೋದ. ನಾನು ಹಿಡಿಕೆಯ ಪಕ್ಕ ನಿಂತೆ. ಹೆಂಗಸರು ತೊಟ್ಟಿಲಿನ ಬಾಗಿಲಿಗೆ ಬಂದು ನಿಂತರು. ಯಾರೂ ಹತ್ತಲಿಲ್ಲ. ಅವರಲ್ಲಿ ಸಿಟ್ಟಿರಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು ಅಷ್ಟೆ. ಅವರು ಇಲ್ಲ ಎಂದಿದ್ದರೆ ಅದು ನ್ಯಾಯವೇ ಆಗಿತ್ತು.

ಹಿಂದಿನಿಂದ ಹುಸೇನಬಿ ದಾರಿ ಬಿಡಿಸಿಕೊಂಡು ಬಂದಳು. ಹೆರಿಗೆಯಾದ ಮೇಲೆ ಆಕೆ ಕೆಲಸಕ್ಕೆ ಬರುವುದು ಅದೇ ಮೊದಲ ದಿನ. ಆಚೆ ಶೆಡ್ಡಿನಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಕೋಣೆ ಇದೆ, ಹಾಗಾಗಿ ಮಗಳು ಕಂಕುಳಲ್ಲಿದ್ದಳು. ಆಕೆ ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು. ಆಮೇಲೆ ತೊಟ್ಟಿಲು ಹತ್ತಿ, ಬಾಗಿಲ ಹತ್ತಿರ ತಾನು ಯಾವಾಗಲೂ ಕೂರುವ ಜಾಗದಲ್ಲೇ ಕೂತು, ಸೆರಗು ಹೊದಿಸಿ ಕೂಸನ್ನು ಎದೆಗೆ ಒತ್ತಿಕೊಂಡಳು.

"ಸಾವಕಾಶ ಬಿಡಪಾ, ಗೊಲ್ಲಾಳಪ್ಪ" ಎಂದಳು. "ಈಗಷ್ಟ ಹಾಲು ಕುಡದೈತಿ, ಕಕ್ಕತೈತಿ."

ಉಳಿದವರೂ ಹತ್ತಿದರು. ನಾನು ಸಾವಕಾಶ ಬಿಟ್ಟೆ.